ಹಿತ್ತಲ ಗಿಡ ಮದ್ದಲ್ಲವೇ? ಪರದೇಶಿ ರಗ್ಬಿ ಮೇಷ್ಟ್ರುಗಳ ಕತೆ

ಈ ಅಂಕಣದಲ್ಲಿ ಚರಂಡಿ, ನಲ್ಲಿ ನೀರು, ಬಸ್ ಸ್ಟ್ಯಾಂಡಿನ ಗಲೀಜು ಇವನ್ನೇ ಓದಿ ಅಭ್ಯಾಸವಾದವರು ಇವತ್ತು ಐರ್ಲೆಂಡಿನ ಹೆಸರು ನೋಡಿ ಹುಬ್ಬೇರಿಸಬೇಡಿ. ದೇಶ ಯಾವುದಾದರೇನು, ಊರ ಕ್ಲಬ್ಬುಗಳ ಪಾಡು ಎಲ್ಲ ಕಡೆಯೂ ಒಂದೇ. ಆಡುವ ಹುಡುಗರಿರುತ್ತಾರೆ, ಕೂಗುವ ಜನರಿರುತ್ತಾರೆ. ಕೈಯಲ್ಲಿ ಕಾಸಿರುವುದಿಲ್ಲ, ನೆಟ್ಟಗೆ ಹೇಳಿಕೊಡುವವರಿರುವುದಿಲ್ಲ. ನಾಲ್ಕು ಪಂದ್ಯ ಸೋತ ಮೇಲೆ ಕಮಿಟಿ ಸೇರುತ್ತದೆ. ಒಬ್ಬರು ಹೇಳುತ್ತಾರೆ, "ಹೊರಗಿನಿಂದ ಒಬ್ಬ ಕೋಚ್ ಕರೆಸೋಣ್ರೀ." ಇನ್ನೊಬ್ಬರು ಸಿಡಿಯುತ್ತಾರೆ, "ಯಾಕೆ, ನಮ್ಮೂರಲ್ಲಿ ಗಂಡಸರಿಲ್ವಾ?"

ಈ ಜಗಳ ಕಬಡ್ಡಿ ಕ್ಲಬ್ಬಿನಲ್ಲೂ ನಡೆಯುತ್ತದೆ, ಕ್ರಿಕೆಟ್ ಸಂಸ್ಥೆಯಲ್ಲೂ ನಡೆಯುತ್ತದೆ. ಆದರೆ ಇದನ್ನು ಕೊನೆಯವರೆಗೂ ನಡೆಸಿ, ಲಾಭ ನಷ್ಟ ಎರಡನ್ನೂ ಅನುಭವಿಸಿದ ಊರುಗಳು ಐರ್ಲೆಂಡಿನಲ್ಲಿವೆ. ಒಂದು ಪಶ್ಚಿಮ ಕರಾವಳಿಯ ಗಾಲ್ವೇ. ಇನ್ನೊಂದು ದೇಶದ ನಡುಮಧ್ಯದ ಮಲ್ಲಿಂಗಾರ್, ದನದ ವ್ಯಾಪಾರಕ್ಕೆ ಹೆಸರಾದ ಊರು. ಎರಡಕ್ಕೂ ಮೇಷ್ಟ್ರುಗಳು ಬಂದದ್ದು ಭೂಮಿಯ ಇನ್ನೊಂದು ತುದಿಯ ನ್ಯೂಜಿಲೆಂಡಿನಿಂದ!

ಆಟ ಎಂಥದ್ದು?

ರಗ್ಬಿ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಚೆಂಡು ಮೊಟ್ಟೆಯಾಕಾರದ್ದು. ಒಂದು ಕಡೆಗೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಲ್ಲಿ ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ಕೆಡವುತ್ತಾನೆ. ನಮ್ಮ ಕಬಡ್ಡಿಯಲ್ಲಿ ರೈಡರ್ ಕಾಲಿಗೆ ಬಿದ್ದು ಹಿಡಿಯುತ್ತಾರಲ್ಲ, ಆ ಜಾತಿಯದೇ ಪಟ್ಟು. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ 'ಟ್ರೈ'. ಈಗ ಅದಕ್ಕೆ 5 ಅಂಕ. 1992ರ ತನಕ 4 ಇತ್ತು.

ಇದರಲ್ಲಿ ಸ್ಕ್ರಮ್ ಎಂಬುದೊಂದಿದೆ. ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು, ತಲೆ ಬಗ್ಗಿಸಿ, ಎತ್ತುಗಳ ಹಾಗೆ ಎದುರುಬದುರು ತಳ್ಳುತ್ತಾರೆ. ಹೊರಗೆ ನಿಂತವರಿಗೆ ಅದು ಬರೀ ನೂಕುನುಗ್ಗಲು. ಒಳಗಿದ್ದವನಿಗೆ ಮಾತ್ರ ಗೊತ್ತು, ಕಾಲು ಎಲ್ಲಿಡಬೇಕು, ಬೆನ್ನು ಹೇಗಿರಬೇಕು, ಯಾವ ಕ್ಷಣಕ್ಕೆ ತಳ್ಳಬೇಕು ಎಂಬುದು. ತಪ್ಪಾಗಿ ಕುಸಿದರೆ ಕತ್ತಿನ ಮೂಳೆಗೆ ಅಪಾಯ. ಆದ್ದರಿಂದ ಈ ಆಟದಲ್ಲಿ ಕೋಚ್ ಎಂದರೆ ಸೀಟಿ ಊದಿ ಮೈದಾನ ಸುತ್ತಿಸುವವನಲ್ಲ. ಹುಡುಗರ ಕತ್ತು, ಭುಜ ಕಾಯುವ ಹೊಣೆ ಅವನದು. ಅಡ್ಡಾದಿಡ್ಡಿ ಕಲಿತವನಿಗಿಂತ ಏನೂ ಕಲಿಯದವನೇ ಮೇಲು ಎನ್ನುವಂಥ ಆಟ ಇದು.

ಹೊರಡುವುದೇ ಒಂದು ಸಂಪ್ರದಾಯ

ನ್ಯೂಜಿಲೆಂಡಿನಲ್ಲಿ ರಗ್ಬಿ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಹಳ್ಳಿ ಶಾಲೆಯ ಮೇಷ್ಟ್ರಿಗೂ ಸ್ಕ್ರಮ್ಮಿನ ಒಳಗುಟ್ಟು ಗೊತ್ತು. ಅಲ್ಲಿನ ಹುಡುಗ ಹುಡುಗಿಯರಲ್ಲಿ ಇನ್ನೊಂದು ರೂಢಿಯೂ ಇದೆ. ಓದು ಮುಗಿಸಿ ಒಂದೆರಡು ವರ್ಷ ಪರದೇಶಕ್ಕೆ ಹೋಗಿ, ಸಿಕ್ಕ ಕೆಲಸ ಮಾಡಿಕೊಂಡು, ಲೋಕ ನೋಡಿ ಬರುವುದು. ದೂರದ ದ್ವೀಪದಲ್ಲಿ ಹುಟ್ಟಿದವರಿಗೆ ಅದೊಂದು ಕಾಶಿಯಾತ್ರೆ.

ಇದಕ್ಕೆ ಋತುಮಾನವೂ ಕೂಡಿಬರುತ್ತದೆ. ರಗ್ಬಿ ಚಳಿಗಾಲದ ಆಟ. ನ್ಯೂಜಿಲೆಂಡಿನಲ್ಲಿ ಚಳಿ ಇರುವಾಗ ಐರ್ಲೆಂಡಿನಲ್ಲಿ ಬೇಸಿಗೆ. ಅಲ್ಲಿಯ ಆಟ ಮುಗಿಯುವ ಹೊತ್ತಿಗೆ ಇಲ್ಲಿಯದು ಶುರು. ಹೀಗಾಗಿ ಒಬ್ಬ ಆಟಗಾರ ಒಂದೇ ವರ್ಷದಲ್ಲಿ ಎರಡೂ ಕಡೆಯ ಸೀಸನ್ ಮುಗಿಸಬಹುದು. ನಮ್ಮ ರೈತರ ಮುಂಗಾರು ಹಿಂಗಾರು ಎರಡು ಬೆಳೆ ಇದ್ದ ಹಾಗೆ ಎನ್ನಿ.

ಆದರೆ ದುಡ್ಡು? ಅಲ್ಲೇ ಇರೋದು ಪೇಚು. 1995ರ ಆಗಸ್ಟ್ ತನಕ ರಗ್ಬಿ ಯೂನಿಯನ್ ಆಟಕ್ಕೆ ಸಂಬಳ ನಿಷಿದ್ಧ. ಈ ಜಗಳಕ್ಕೆ ನೂರು ವರ್ಷದ ಇತಿಹಾಸ. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಕಾರ್ಮಿಕರು "ಆಟಕ್ಕೆ ಬಂದು ಕಳೆದುಕೊಂಡ ದಿನಗೂಲಿ ಕೊಡಿ" ಎಂದು ಕೇಳಿದರು. ದೊಡ್ಡ ಮನುಷ್ಯರು ಒಪ್ಪಲಿಲ್ಲ. 1895ರಲ್ಲಿ ಆಟವೇ ಎರಡು ಹೋಳಾಯಿತು. ಕೂಲಿ ಕೇಳಿದವರದು ರಗ್ಬಿ ಲೀಗ್, ಕೂಲಿ ಬೇಡವೆಂದವರದು ರಗ್ಬಿ ಯೂನಿಯನ್. ಸರಿಯಾಗಿ ನೂರು ವರ್ಷದ ಮೇಲೆ, 1995ರಲ್ಲಿ, ಯೂನಿಯನ್ನಿನವರೂ ಸಂಬಳಕ್ಕೆ ಬಾಗಿಲು ತೆರೆದರು. ಅಲ್ಲಿಯವರೆಗೆ ಊರ ಕ್ಲಬ್ಬಿಗೆ ಆಡಲು, ಕಲಿಸಲು ಹೊರಗಿನಿಂದ ಬಂದವನು ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬೇಕಿತ್ತು. ಹಗಲು ಕೆಲಸ, ಸಂಜೆ ಮೈದಾನ.

ಗಾಲ್ವೇಗೆ ಬಂದ ಗ್ಯಾಟ್ಲೆಂಡ್

ವಾರೆನ್ ಗ್ಯಾಟ್ಲೆಂಡ್ ಹುಟ್ಟಿದ್ದು 1963ರಲ್ಲಿ, ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ. ಸ್ಕ್ರಮ್ಮಿನ ಮುಂಸಾಲಿನ ನಡುವೆ ನಿಲ್ಲುವ 'ಹುಕ್ಕರ್'. ಆಟಗಾರನೇನೋ ಗಟ್ಟಿಗ. ಆದರೆ ಹಣೆಬರಹ ನೋಡಿ. ಅದೇ ಜಾಗದಲ್ಲಿ ನ್ಯೂಜಿಲೆಂಡ್ ತಂಡಕ್ಕೆ ಶಾನ್ ಫಿಟ್ಸ್‌ಪ್ಯಾಟ್ರಿಕ್ ಎಂಬ ಮಹಾಶಯ ಬಂಡೆಯ ಹಾಗೆ ಕೂತಿದ್ದ. ಆತ ಆಡಿದ್ದು 92 ಟೆಸ್ಟ್. ಗ್ಯಾಟ್ಲೆಂಡ್ 'ಆಲ್ ಬ್ಲ್ಯಾಕ್ಸ್' ಕಪ್ಪು ಅಂಗಿ ತೊಟ್ಟು 17 ಪಂದ್ಯ ಆಡಿದರೂ ಒಂದೇ ಒಂದು ಟೆಸ್ಟ್ ಸಿಗಲಿಲ್ಲ. ಹೊರಗೆ ಕೂತು ನೋಡಿದವನಿಗೆ ಆಟ ಹೆಚ್ಚು ತಿಳಿಯುತ್ತದೆ ಎನ್ನುತ್ತಾರೆ. ಈತನ ವಿಷಯದಲ್ಲಂತೂ ಅದು ನಿಜವಾಯಿತು.

1989ರಲ್ಲಿ ಆ ತಂಡ ವೇಲ್ಸ್, ಐರ್ಲೆಂಡ್ ಪ್ರವಾಸಕ್ಕೆ ಬಂತು. ಗಾಲ್ವೇಯಲ್ಲೂ ಒಂದು ಪಂದ್ಯವಿತ್ತು. ಅಲ್ಲಿ ಗಾಲ್ವೀಜಿಯನ್ಸ್ ಎಂಬ ಊರ ಕ್ಲಬ್ಬು, 1922ರಲ್ಲಿ ಹುಟ್ಟಿದ್ದು. ಕ್ಲಬ್ಬಿನವರು ಈ ಹುಡುಗನನ್ನು ಕೇಳಿದರು, "ನಮ್ಮಲ್ಲಿ ಆಡಿಕೊಂಡು, ನಮ್ಮ ಹುಡುಗರಿಗೂ ಹೇಳಿಕೊಡ್ತೀಯಾ?" ಗ್ಯಾಟ್ಲೆಂಡ್ ಒಪ್ಪಿದ. ಕಪ್ಪು ಅಂಗಿಯವನು ಊರ ಕ್ಲಬ್ಬಿನ ಆಟಗಾರ-ಕೋಚ್ ಆದ.

ಆ ಹೊತ್ತಿಗೆ ಐರ್ಲೆಂಡಿನಲ್ಲೂ ಕಾಲ ಬದಲಾಗುತ್ತಿತ್ತು. 1990-91ರಲ್ಲಿ ದೇಶದ ಕ್ಲಬ್ಬುಗಳಿಗೆಲ್ಲ ಸೇರಿ ಆಲ್ ಐರ್ಲೆಂಡ್ ಲೀಗ್ ಶುರುವಾಯಿತು. ಮೇಲೇರುವುದು, ಕೆಳಗಿಳಿಯುವುದು ಎರಡೂ ಉಂಟು. ಅಲ್ಲಿಯವರೆಗೆ ಪಕ್ಕದೂರಿನವರ ಜತೆ ಆಡಿ, ಗೆದ್ದರೂ ಸೋತರೂ ಒಟ್ಟಿಗೆ ಬಿಯರ್ ಕುಡಿದು ಮನೆಗೆ ಹೋಗುತ್ತಿದ್ದವರಿಗೆ ಈಗ ಬಿಸಿ ಮುಟ್ಟಿತು. ಕೋಚ್ ಎಂಬ ಪ್ರಾಣಿ ಬೇಕೇಬೇಕು ಎನಿಸಿತು.

ಮಲ್ಲಿಂಗಾರಿಗೆ ಬಂದ ಇಂಗ್ಲಿಷ್ ಮೇಷ್ಟ್ರು

ಎರಡು ವರ್ಷದ ನಂತರ, 1991ರಲ್ಲಿ, ಜೋ ಶ್ಮಿಟ್ ಎಂಬ ಇನ್ನೊಬ್ಬ ಬಂದ. ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರು. ಮಾನವಾಟು ಪ್ರಾಂತ್ಯಕ್ಕೆ 'ವಿಂಗ್' ಜಾಗದಲ್ಲಿ ಓಡುತ್ತಿದ್ದವನು. ಹೆಂಡತಿಯನ್ನು ಕರೆದುಕೊಂಡು ಲೋಕ ನೋಡಲು ಹೊರಟವನು ಬಂದು ಸೇರಿದ್ದು ಡಬ್ಲಿನ್ನಿಗೆ ಸುಮಾರು 80 ಕಿಲೋಮೀಟರ್ ದೂರದ ಮಲ್ಲಿಂಗಾರಿಗೆ.

ಆ ಸೀಮೆಯಲ್ಲಿ ಜನರ ಆಟ ರಗ್ಬಿಯಲ್ಲ. ಅವರದೇ ನೆಲದ ಗೇಲಿಕ್ ಫುಟ್‌ಬಾಲ್, ಹರ್ಲಿಂಗ್. ರಗ್ಬಿಗೆ ಆಮೇಲಿನ ಜಾಗ. ಶ್ಮಿಟ್ ಊರ ಕ್ಲಬ್ಬಿಗೆ ಆಡಿದ, ಕಲಿಸಿದ. ಹತ್ತಿರದ ಮಲ್ಟಿಫಾರ್ನ್‌ಹ್ಯಾಮಿನ ವಿಲ್ಸನ್ಸ್ ಹಾಸ್ಪಿಟಲ್ ಶಾಲೆಯ ಹುಡುಗರಿಗೂ ರಗ್ಬಿ ಹೇಳಿಕೊಟ್ಟ. ಹೆಸರು ನೋಡಿ ಆಸ್ಪತ್ರೆ ಅಂದುಕೊಳ್ಳಬೇಡಿ, ಅದು 1761ರಷ್ಟು ಹಳೆಯ ಶಾಲೆ. ಆಮೇಲೆ ಊರಿಗೆ ವಾಪಸ್ಸು ಹೋಗಿ ಪುನಃ ಮೇಷ್ಟ್ರಾದ.

ಕತೆ ಇಲ್ಲಿಗೇ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇಂಥ ನೂರಾರು ಹುಡುಗರು ಬಂದರು, ಹೋದರು. ಕೆಲವರು ಹುಡುಗರ ಕೈಗೆ ನಾಲ್ಕು ವಿದ್ಯೆ ಕೊಟ್ಟು ಹೋದರು. ಕೆಲವರು ಬರೀ ಬಿಯರ್ ಅಂಗಡಿಯ ನೆನಪು ಹೊತ್ತು ಹೋದರು. ಊರ ಕ್ಲಬ್ಬುಗಳಿಗೆ ಇದು ಲಾಟರಿ ಇದ್ದ ಹಾಗೆ.

ನಾಯಿ ಓಟದ ಮೈದಾನದಿಂದ

ಗ್ಯಾಟ್ಲೆಂಡ್ 1996ರಲ್ಲಿ ಗಾಲ್ವೇಗೆ ಮತ್ತೆ ಬಂದ, ಈ ಸಲ ಕನಾಕ್ಟ್ ಪ್ರಾಂತ್ಯದ ಕೋಚ್ ಆಗಿ. ಐರ್ಲೆಂಡ್ ರಗ್ಬಿಯಲ್ಲಿ ನಾಲ್ಕು ಪ್ರಾಂತ್ಯ. ಲೆನ್‌ಸ್ಟರ್‌ಗೆ ಡಬ್ಲಿನ್ ಇದೆ, ಅಲ್‌ಸ್ಟರ್‌ಗೆ ಬೆಲ್‌ಫಾಸ್ಟ್ ಇದೆ, ಮನ್‌ಸ್ಟರ್‌ಗೆ ಲಿಮರಿಕ್, ಕಾರ್ಕ್ ಇವೆ. ಐದು ಕೌಂಟಿಗಳ ಬಡ ಪಶ್ಚಿಮ ಸೀಮೆ ಕನಾಕ್ಟ್ ಮಾತ್ರ ಪಂಕ್ತಿಯ ಕೊನೆಗೆ ಕೂತ ನೆಂಟ. ಅದರ ಮೈದಾನದ ಸುತ್ತ ಬೇಟೆನಾಯಿಗಳ ಓಟದ ಪಂದ್ಯ ನಡೆಯುವ ಟ್ರ್ಯಾಕ್! ಅಟ್ಲಾಂಟಿಕ್ ಸಮುದ್ರದ ಗಾಳಿ ಮಳೆ ಬೇರೆ.

ಅಂಥ ತಂಡ 1997ರಲ್ಲಿ ಇಂಗ್ಲೆಂಡಿಗೆ ಹೋಗಿ ನಾರ್ಥಾಂಪ್ಟನ್ ತಂಡವನ್ನು ಅದರ ಮನೆಯಂಗಳದಲ್ಲೇ ಸೋಲಿಸಿ ಬಂತು. ಡಬ್ಲಿನ್ನಿನ ದೊಡ್ಡವರು ಕಣ್ಣುಜ್ಜಿಕೊಂಡು ನೋಡಿದರು. 1998ರಲ್ಲಿ ಗ್ಯಾಟ್ಲೆಂಡನನ್ನೇ ಇಡೀ ದೇಶದ ತಂಡಕ್ಕೆ ಕೋಚ್ ಮಾಡಿದರು. ಊರ ಕ್ಲಬ್ಬಿಗೆ ಬಂದವನು ಒಂಬತ್ತು ವರ್ಷದೊಳಗೆ ದೇಶದ ಕೋಚ್!

2000ದಲ್ಲಿ ಈತನ ತಂಡ ಪ್ಯಾರಿಸ್ಸಿನಲ್ಲಿ ಫ್ರಾನ್ಸನ್ನು 27-25ರಿಂದ ಸೋಲಿಸಿತು. ಅಲ್ಲಿ ಐರ್ಲೆಂಡ್ ಗೆದ್ದು 28 ವರ್ಷವಾಗಿತ್ತು. ಅಷ್ಟಾದರೂ 2001ರ ನವೆಂಬರಿನಲ್ಲಿ ಕೆಲಸದಿಂದ ತೆಗೆದರು. ಅದಕ್ಕೆ ಸ್ವಲ್ಪ ಮೊದಲು ಡಬ್ಲಿನ್ನಿನಲ್ಲಿ ಐರ್ಲೆಂಡ್ ನ್ಯೂಜಿಲೆಂಡಿಗೆ ಸೋತಿತ್ತು. ಅಂಕ 40-29. ಈ ಅಂಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹೊರಗಿನವನ ಪಾಡು ಇದೇ. ಗೆದ್ದಾಗ ಹೆಗಲ ಮೇಲೆ, ಸೋತಾಗ ರಸ್ತೆ ಮೇಲೆ. ಆದರೆ ಗ್ಯಾಟ್ಲೆಂಡ್ ಕೂತು ಅಳಲಿಲ್ಲ. ಲಂಡನ್ನಿನ ವಾಸ್ಪ್ಸ್ ಕ್ಲಬ್ಬಿಗೆ ಹೋಗಿ 2003, 2004, 2005ರಲ್ಲಿ ಸತತ ಮೂರು ಸಲ ಇಂಗ್ಲಿಷ್ ಚಾಂಪಿಯನ್ ಮಾಡಿದ. ಆಮೇಲೆ ವೇಲ್ಸ್ ದೇಶಕ್ಕೆ 2008, 2012, 2019ರಲ್ಲಿ ಮೂರು ಗ್ರ್ಯಾಂಡ್ ಸ್ಲಾಮ್, ಅಂದರೆ ಆರು ದೇಶಗಳ ಪಂದ್ಯಾವಳಿಯಲ್ಲಿ ಉಳಿದ ಐದನ್ನೂ ಸೋಲಿಸಿದ್ದು. ಆ ಸಲದವರೆಗೆ ಯಾವ ಕೋಚ್‌ಗೂ ಮೂರು ದಕ್ಕಿರಲಿಲ್ಲ.

ತಂಡವನ್ನೇ ಮುಚ್ಚಿ ಎಂದಾಗ

ಇತ್ತ ಕನಾಕ್ಟ್ ಏನಾಯಿತು? 2003ರ ಜನವರಿಯಲ್ಲಿ ಡಬ್ಲಿನ್ನಿನ ರಗ್ಬಿ ಯೂನಿಯನ್ ಲೆಕ್ಕದ ಪುಸ್ತಕ ತೆರೆಯಿತು. ಖರ್ಚು ಜಾಸ್ತಿ, ನಾಲ್ಕು ಪ್ರಾಂತ್ಯ ಸಾಕುವುದು ಕಷ್ಟ, ಕನಾಕ್ಟಿನ ವೃತ್ತಿಪರ ತಂಡವನ್ನು ಮುಚ್ಚಿದರೆ ಹೇಗೆ ಎಂಬ ಮಾತು ಹೊರಬಿತ್ತು. ನಮ್ಮಲ್ಲಿ ಮಕ್ಕಳು ಕಡಿಮೆ ಎಂದು ಹಳ್ಳಿ ಶಾಲೆ ಮುಚ್ಚುತ್ತಾರಲ್ಲ, ಅದೇ ಧಾಟಿ.

ಜನ ಸುಮ್ಮನಿರಲಿಲ್ಲ. ಸುಮಾರು 2000 ಜನ ಡಬ್ಲಿನ್ನಿನ ಬೀದಿಗಿಳಿದು ಯೂನಿಯನ್ ಕಚೇರಿಗೆ ಮೆರವಣಿಗೆ ಹೋದರು. ಯೂನಿಯನ್ ಹಿಂದೆ ಸರಿಯಿತು, ತಂಡ ಉಳಿಯಿತು.

ಹದಿಮೂರು ವರ್ಷ ಕಳೆದು, 2016ರ ಮೇ 28ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ ತಂಡಗಳ ಲೀಗ್‌ನ ಫೈನಲ್. ಒಂದು ಕಡೆ ಡಬ್ಲಿನ್ನಿನ ಶ್ರೀಮಂತ ಲೆನ್‌ಸ್ಟರ್. ಇನ್ನೊಂದು ಕಡೆ ಮುಚ್ಚಬೇಕೆಂದಿದ್ದ ಕನಾಕ್ಟ್. ಕನಾಕ್ಟ್ 20-10ರಿಂದ ಗೆದ್ದಿತು! ಕೋಚ್ ಯಾರು? ಆಕ್ಲೆಂಡಿನಲ್ಲಿ ಹುಟ್ಟಿ ಸಮೋವಾ ದೇಶಕ್ಕೆ ಆಡಿದ ಪ್ಯಾಟ್ ಲ್ಯಾಮ್. ಮತ್ತೆ ಆ ದಿಕ್ಕಿನಿಂದ ಬಂದ ಮೇಷ್ಟ್ರೇ. ಆದರೆ ಲ್ಯಾಮ್ ಬರುವುದಕ್ಕೆ ಒಂದು ತಂಡ ಉಳಿದಿರಬೇಕಿತ್ತಲ್ಲ? ಅದನ್ನು ಉಳಿಸಿದ್ದು ಯಾವ ಕೋಚೂ ಅಲ್ಲ, ಜನವರಿ ಚಳಿಯಲ್ಲಿ ಬೀದಿಗಿಳಿದ ಊರಿನವರು. ಈ ಕತೆಯ ಸಾರ ಅಲ್ಲಿದೆ ನೋಡಿ.

ಗುರುವಿಗೆ ತಿರುಮಂತ್ರ

ಇನ್ನು ಶ್ಮಿಟ್ ಮೇಷ್ಟ್ರ ಕತೆ. ಊರಿನಲ್ಲಿ ಪಾಠ ಮಾಡುತ್ತ ಶಾಲಾ ತಂಡಗಳನ್ನು ತಿದ್ದಿದ. ಆಮೇಲೆ ಫ್ರಾನ್ಸಿನ ಕ್ಲೆರ್ಮಾಂಗೆ ಸಹಾಯಕ ಕೋಚ್ ಆಗಿ ಹೋದ. ಹತ್ತು ಫೈನಲ್ ಸೋತಿದ್ದ ಆ ಕ್ಲಬ್ಬು 2010ರಲ್ಲಿ ಮೊದಲ ಸಲ ಫ್ರೆಂಚ್ ಚಾಂಪಿಯನ್ ಆಯಿತು. ಅದೇ ವರ್ಷ ಲೆನ್‌ಸ್ಟರ್ ಕರೆಯಿತು. 2011ರ ಯುರೋಪಿಯನ್ ಫೈನಲ್ಲಿನಲ್ಲಿ ಅರ್ಧ ಆಟಕ್ಕೆ 6-22ರಿಂದ ಹಿಂದಿದ್ದ ಲೆನ್‌ಸ್ಟರ್ ಕೊನೆಗೆ 33-22ರಿಂದ ಗೆದ್ದಿತು. 2012ರಲ್ಲಿ ಮತ್ತೆ ಅದೇ ಕಪ್ಪು. 2013ರಲ್ಲಿ ದೇಶದ ತಂಡ ಈತನ ಕೈಗೆ ಬಂತು.

2016ರ ನವೆಂಬರ್ 5. ಅಮೆರಿಕದ ಚಿಕಾಗೋ. ಐರ್ಲೆಂಡ್, ನ್ಯೂಜಿಲೆಂಡ್ ಮುಖಾಮುಖಿ. 1905ರಿಂದ ಆಡುತ್ತಿದ್ದರೂ, 111 ವರ್ಷದಲ್ಲಿ ಐರ್ಲೆಂಡ್ ಒಮ್ಮೆಯೂ ಗೆದ್ದಿರಲಿಲ್ಲ. ಅವತ್ತು ಗೆದ್ದಿತು. ಅಂಕ ಎಷ್ಟು ಗೊತ್ತೇ? 40-29! ಗ್ಯಾಟ್ಲೆಂಡನ ಕೊನೆಯ ದಿನಗಳಲ್ಲಿ ಸೋತ ಅದೇ ಅಂಕ, ತಿರುಗುಮುರುಗಾಗಿ. ಬರೆದರೆ ಕಟ್ಟುಕತೆ ಎನ್ನುತ್ತಾರೆ.

ಮಲ್ಲಿಂಗಾರಿನ ಹಳೆಯ ಮೇಷ್ಟ್ರು ತನ್ನ ತಾಯ್ನಾಡನ್ನೇ ಸೋಲಿಸಿದ್ದ. 2018ರಲ್ಲಿ ಡಬ್ಲಿನ್ನಿನಲ್ಲಿ 16-9ರಿಂದ ಇನ್ನೊಮ್ಮೆ ಸೋಲಿಸಿದ. ನಮಗೂ ಈ ರುಚಿ ಗೊತ್ತು. ಅದೇ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ಮಹಿಳಾ ಕಬಡ್ಡಿ ಫೈನಲ್ಲಿನಲ್ಲಿ ಇರಾನ್ ನಮ್ಮನ್ನು 27-24ರಿಂದ ಸೋಲಿಸಿತಲ್ಲ, ಆ ಹುಡುಗಿಯರಿಗೆ ಪಾಠ ಹೇಳಿದ್ದು ನಮ್ಮದೇ ದೇಶದ ಶೈಲಜಾ ಜೈನ್. ವಿದ್ಯೆಗೆ ಪಾಸ್‌ಪೋರ್ಟ್ ಇಲ್ಲ ಸ್ವಾಮಿ!

ವಿದ್ಯೆ ಒಂದೇ ದಿಕ್ಕಿಗೆ ಹರಿಯುವುದೂ ಇಲ್ಲ. 2019ರ ವಿಶ್ವಕಪ್ಪಿನಲ್ಲಿ ಶ್ಮಿಟ್‌ನ ಐರ್ಲೆಂಡನ್ನು ಜಪಾನ್ 19-12ರಿಂದ ಉರುಳಿಸಿತು. ಜಪಾನಿನ ಕೋಚ್ ಜೇಮಿ ಜೋಸೆಫ್, ಆತನೂ ನ್ಯೂಜಿಲೆಂಡಿನವನೇ. ಕ್ವಾರ್ಟರ್ ಫೈನಲ್ಲಿನಲ್ಲಿ ನ್ಯೂಜಿಲೆಂಡ್ 46-14ರಿಂದ ಬಡಿದು ಹಾಕಿತು. ಶ್ಮಿಟ್ ಹೊರಬಂದ. ಮುಂದಿನ 2023ರ ವಿಶ್ವಕಪ್ಪಿನಲ್ಲಿ ಅದೇ ಶ್ಮಿಟ್ ನ್ಯೂಜಿಲೆಂಡಿನ ಸಹಾಯಕ ಕೋಚ್. ಕ್ವಾರ್ಟರ್ ಫೈನಲ್ಲಿನಲ್ಲಿ ಐರ್ಲೆಂಡ್ 24-28ರಿಂದ ಸೋತು ಮನೆಗೆ ಹೋಯಿತು. ಆ ಮನೆಯ ಅಟ್ಟ, ನೆಲಮಾಳಿಗೆ ಎಲ್ಲ ಬಲ್ಲವನು ಎದುರು ಪಾಳಯದಲ್ಲಿದ್ದ!

ಇದನ್ನು ದ್ರೋಹ ಎನ್ನೋಣವೇ? ಛೆ, ಹಾಗೇನೂ ಇಲ್ಲ. ಆತ ಕಲಿಸಿದ್ದೇನೂ ಐರ್ಲೆಂಡಿನಿಂದ ಮಾಯವಾಗಲಿಲ್ಲ. ಆತನ ಕೈಕೆಳಗಿದ್ದ ಆಂಡಿ ಫ್ಯಾರೆಲ್ ತಂಡ ವಹಿಸಿಕೊಂಡು 2022ರಲ್ಲಿ ನ್ಯೂಜಿಲೆಂಡಿಗೇ ಹೋಗಿ ಮೂರು ಟೆಸ್ಟಿನ ಸರಣಿಯನ್ನು 2-1ರಿಂದ ಗೆದ್ದು ಬಂದ. ಮೇಷ್ಟ್ರು ಹೋದ ಮೇಲೂ ಪಾಠ ಉಳಿಯಿತು ಎಂದರೆ ಇದೇ.

ನಮ್ಮ ದೇಶದಲ್ಲಿ

ರಗ್ಬಿ ನಮಗೇನು ಹೊಸದಲ್ಲ. 1870ರ ದಶಕದಲ್ಲಿ ಕಲ್ಕತ್ತೆಯ ಬಿಳಿಯರ ಫುಟ್‌ಬಾಲ್ ಕ್ಲಬ್ಬು ರಗ್ಬಿ ಆಡುತ್ತಿತ್ತು. ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ಪು ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ 1879ರಿಂದ ಆ 'ಕಲ್ಕತ್ತಾ ಕಪ್' ಗೆಲ್ಲಲು ಹೊಡೆದಾಡುತ್ತಿವೆ. ಹಿಡಿಗೆ ಮೂರು ನಾಗರ, ಮುಚ್ಚಳದ ಮೇಲೆ ಆನೆ. ಅದೇ ಊರಿನಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ಕೆಲಸಕ್ಕೆ ಬಂದ ಪಾಲ್ ವಾಲ್ಶ್ 2004ರಲ್ಲಿ ಜಂಗಲ್ ಕ್ರೋಸ್ ಎಂಬ ಕ್ಲಬ್ಬು ಕಟ್ಟಿ, ಬಡವರ ಮಕ್ಕಳ ಕೈಗೆ ಚೆಂಡು ಕೊಟ್ಟ. ಅಲ್ಲಿ ಕಲಿತ ಹುಡುಗರೇ ಈಗ ಬೇರೆ ಮಕ್ಕಳಿಗೆ ಕಲಿಸುತ್ತಿದ್ದಾರೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಆರು ತಂಡಗಳ ರಗ್ಬಿ ಲೀಗ್ ನಡೆದಾಗ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಕೋಚುಗಳು ಮಾತ್ರ ಪರದೇಶದವರು.

ನಮ್ಮವರು ಹೊರಗೆ ಹೋಗಿ ಸಣ್ಣ ತಂಡಕ್ಕೆ ಹೆಗಲು ಕೊಟ್ಟದ್ದೂ ಉಂಟು. ನಮ್ಮ ರಾಹುಲ್ ದ್ರಾವಿಡ್ 2003ರಲ್ಲಿ ಸ್ಕಾಟ್ಲೆಂಡ್ ತಂಡದ ಪರ ಇಂಗ್ಲಿಷ್ ಲೀಗ್‌ನಲ್ಲಿ ಆಡಿದ್ದು ಎಷ್ಟು ಜನಕ್ಕೆ ನೆನಪಿದೆ?

ಕಮಿಟಿಯವರಿಗೆ ಕಿವಿಮಾತು

ಇಷ್ಟೆಲ್ಲ ಕೇಳಿದ ಮೇಲೆ ಕಮಿಟಿಯ ಜಗಳಕ್ಕೆ ತೀರ್ಪು ಏನು? ಹೊರಗಿನವನು ಬರಲಿ, ತಪ್ಪೇನಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಊರಿನವರನ್ನು ಕಡೆಗಣಿಸಬಾರದು, ಪರವೂರಿನ ಗಿಡವೆಲ್ಲ ವಿಷ ಎಂದು ಬೇಲಿ ಹಾಕಲೂಬಾರದು. ಆದರೆ ಕರೆಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈತ ಹೋದ ದಿನ ನಮ್ಮಲ್ಲಿ ಏನು ಉಳಿಯುತ್ತದೆ?

ಬರೀ ಒಂದು ಕಪ್ಪು ಉಳಿದರೆ ಅದಕ್ಕೆ ಧೂಳು ಹಿಡಿಯುತ್ತದೆ. ಊರಿನ ಇಬ್ಬರು ಹುಡುಗರು ಆತನ ಪಕ್ಕದಲ್ಲೇ ನಿಂತು, ಸೀಟಿ ಹಿಡಿಯುವುದರಿಂದ ಹಿಡಿದು ಪೆಟ್ಟಾಗದಂತೆ ಕೆಡವುವ ಪಟ್ಟಿನ ತನಕ ಕಲಿತಿದ್ದರೆ, ಕೊಟ್ಟ ಮನೆ, ಹಾಕಿದ ಅನ್ನ ಎಲ್ಲ ದಕ್ಕಿದ ಹಾಗೆ. ಬರುವವನೂ ತಿಳಿದಿರಬೇಕು: ಊರ ಕ್ಲಬ್ಬೆಂದರೆ ಮೇಲಕ್ಕೆ ಹತ್ತುವ ಏಣಿಯ ಮೊದಲ ಮೆಟ್ಟಿಲಷ್ಟೇ ಅಲ್ಲ. ಹಗಲೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ ದುಡಿದು ಸಂಜೆ ಬೂಟು ಕಟ್ಟಿಕೊಂಡು ಬರುವ ಹುಡುಗರಿಗೆ ಅದೇ ವಿಶ್ವಕಪ್ಪು.

ಕೊನೆಯ ಮಾತು ಇಷ್ಟೇ. ಪರದೇಶದ ಮೇಷ್ಟ್ರು ಬರಬಹುದು, ಬಾರದಿರಬಹುದು. ಕನಾಕ್ಟಿನವರ ಹಾಗೆ "ನಮ್ಮ ತಂಡ ಮುಚ್ಚಕೂಡದು" ಎಂದು ಬೀದಿಗಿಳಿಯುವ ಜನ ಊರಿನಲ್ಲಿದ್ದರೆ, ಮೇಷ್ಟ್ರು ಇವತ್ತಲ್ಲ ನಾಳೆ ಸಿಗುತ್ತಾರೆ. ಆ ಜನವೇ ಇಲ್ಲದ ಊರಿಗೆ ನ್ಯೂಜಿಲೆಂಡಿನಿಂದ ಯಾರು ಬಂದರೇನು, ಇಂದ್ರಲೋಕದಿಂದ ಬಂದರೇನು?